ಒಸಡಿಗೆ ಸಣ್ಣ ಮಾತ್ರೆ

ಹಲ್ಲು ಉಜ್ಜುವಾಗ ರಕ್ತ ಬರ್ತದೆಯೇ? ಒಸಡು ಊದಿದೆಯೇ? ಹಲ್ಲು ಅಲ್ಲಾಡ್ತದೆಯೇ? ನಮ್ಮ ಕಾಯ್ಕಿಣಿ ಕಡೆ ಇದಕ್ಕೆ "ವಯಸ್ಸಾಯ್ತಲ್ಲ" ಅಂತೇವೆ. ಬರೀ ವಯಸ್ಸಿನಿಂದ ಹೀಗಾಗುವುದಿಲ್ಲ. ಇದು ಒಸಡಿನ ರೋಗ.

ಹಲ್ಲಿನ ಬುಡದಲ್ಲಿ ದಿನವೂ ಅಂಟು ಕೂರ್ತದೆ. ಅದರಲ್ಲಿ ರೋಗಾಣುಗಳು ಬೆಳೆಯುತ್ತವೆ. ತೆಗೆಯದೆ ಬಿಟ್ಟರೆ ಅಂಟು ಗಾರೆಯ ಹಾಗೆ ಗಟ್ಟಿಯಾಗ್ತದೆ. ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹೊಗೆಸೊಪ್ಪಿನ ಕವಳ, ಬೀಡಿ, ಸಕ್ಕರೆ ಕಾಯಿಲೆ ಇದ್ದವರಿಗೆ ರೋಗ ಇನ್ನೂ ಜೋರು.

ದೋಣಿಯನ್ನು ಗೂಟಕ್ಕೆ ಹಗ್ಗದಿಂದ ಕಟ್ಟುತ್ತೇವಲ್ಲ? ಹಾಗೆಯೇ ಹಲ್ಲನ್ನು ಮೂಳೆಗೆ ಸಣ್ಣ ಸಣ್ಣ ನಾರುಗಳು ಕಟ್ಟಿ ಹಿಡಿದಿವೆ. ರೋಗಾಣು ಬಂದಾಗ ನಮ್ಮ ದೇಹ ಅದರ ಮೇಲೆ ಹೋರಾಡ್ತದೆ. ಆಗ ಒಸಡಿನಲ್ಲಿ ಒಂದು ರಸ ಹುಟ್ಟುತ್ತದೆ. ಅದು ಅತಿಯಾದರೆ ನಮ್ಮದೇ ನಾರನ್ನು ತಿನ್ನುತ್ತದೆ. ಹಗ್ಗ ಸವೆದರೆ ದೋಣಿ ನಿಲ್ಲುವುದೇ?

ಡಾಕ್ಸಿಸೈಕ್ಲಿನ್ ಎಂಬ ಮದ್ದು ಇದೆ. ಇಲಿಜ್ವರಕ್ಕೆ ಕೊಡುವ 100 ಮಿಲಿಗ್ರಾಂ ಮಾತ್ರೆ ಇದೇ. ಅದು ರೋಗಾಣುವನ್ನು ಅಡಗಿಸಲು. ಒಸಡಿಗೆ ಕೊಡುವುದು 20 ಮಿಲಿಗ್ರಾಂ ಮಾತ್ರ, ದಿನಕ್ಕೆ ಎರಡು ಸಲ. ಇಷ್ಟಕ್ಕೆ ರೋಗಾಣು ಜಗ್ಗುವುದಿಲ್ಲ. ಮತ್ತೆ ಯಾಕೆ ಕೊಡ್ತಾರೆ? ನಾರು ತಿನ್ನುವ ರಸವನ್ನು ಅದು ತಡೀತದೆ. ಅಮೆರಿಕದ ಲಾರ್ನ್ ಗೋಲಬ್ ಮತ್ತು ಸಂಗಡಿಗರು ಇದೇ ಜಾತಿಯ ಮದ್ದಿನಲ್ಲಿ ಈ ಗುಣವನ್ನು ಕಂಡದ್ದು 1983ರಲ್ಲಿ. ರೋಗಾಣುವೇ ಇಲ್ಲದ ಇಲಿಗಳಲ್ಲೂ ಮದ್ದು ಕೆಲಸ ಮಾಡಿತ್ತು! 1998ರಲ್ಲಿ ಅಮೆರಿಕ ಸರಕಾರ 20ರ ಮಾತ್ರೆಗೆ ಒಪ್ಪಿಗೆ ಕೊಟ್ಟಿತು.

ಆದರೆ ಬರೀ ಮಾತ್ರೆ ನುಂಗಿದರೆ ಸಾಲದು. ಮೊದಲು ದಂತವೈದ್ಯರು ಗಾರೆಯನ್ನು ಕೆರೆದು ತೆಗೀಬೇಕು. "ಕೆರೆಸಿದರೆ ಹಲ್ಲು ಸಡಿಲ ಆಗ್ತದೆ" ಎಂದು ಕೆಲವರು ಹೆದರಿಸ್ತಾರೆ. ಹಲ್ಲು ಮೊದಲೇ ಸಡಿಲ ಇರ್ತದೆ. ಗಾರೆ ಹೋದಾಗ ಅದು ತಿಳೀತದೆ, ಅಷ್ಟೆ. ಕೆರೆಸಿದ ಮೇಲೆ ಮೂರು ತಿಂಗಳು, ಕೆಲವರಿಗೆ ಒಂಬತ್ತು ತಿಂಗಳವರೆಗೂ ಮಾತ್ರೆ ಕೊಡ್ತಾರೆ. ಗುಣ ಸ್ವಲ್ಪ ಹೆಚ್ಚಾಗ್ತದೆ. ಬಿದ್ದ ಹಲ್ಲು ಮಾತ್ರ ಬರುವುದಿಲ್ಲ.

100ರ ಮಾತ್ರೆ ತಂದು ಮನೆಯಲ್ಲಿ ತುಂಡು ಮಾಡಬೇಡಿ. ಸಣ್ಣ ಪ್ರಮಾಣ ಒಳ್ಳೆಯದೆಂದು ಜ್ವರದ ಮಾತ್ರೆಯನ್ನೂ ಅರ್ಧ ನುಂಗಬೇಡಿ. ಜ್ವರದ ರೋಗಾಣು ಸಾಯದೆ ಉಳೀತದೆ. ಮದ್ದಿಗೇ ಬಗ್ಗದ ಹಾಗೆ ಬಲಿತು ಬಿಡ್ತದೆ.

ಬಸುರಿಯರಿಗೆ, ಮೊಲೆಯೂಡಿಸುವ ತಾಯಂದಿರಿಗೆ, ಎಳೆಯ ಮಕ್ಕಳಿಗೆ ಈ ಮಾತ್ರೆ ಬೇಡ. ಉಳಿದವರು ಭಟ್ಕಳದ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ಮಾತ್ರೆಯನ್ನು ಕೂತುಕೊಂಡು, ತುಂಬ ನೀರು ಕುಡಿದು ನುಂಗಿ. ಅದನ್ನು ತಕ್ಕೊಳ್ಳುವಾಗ ಕೆಲವರ ಚರ್ಮ ಬಿಸಿಲಿಗೆ ಬೇಗ ಸುಡ್ತದೆ. ಗದ್ದೆಗೆ, ಮೀನು ಒಣಗಿಸಲು ಹೋಗುವವರು ತಲೆಗೂ ತೋಳಿಗೂ ಬಟ್ಟೆ ಹೊದ್ದುಕೊಳ್ಳಿ.