ಮಣ್ಣಿನ ನಾಡಿ

ಮಗುವಿಗೆ ಜ್ವರ ಬಂದಾಗ ನೆರೆಮನೆಯ ಮಗುವಿಗೆ ಕೊಟ್ಟ ಮದ್ದನ್ನೇ ತಂದು ಕುಡಿಸುವ ತಾಯಿ ಇರಲಾರಳು. ಆದರೆ ಹೊಲದ ವಿಷಯದಲ್ಲಿ ಬಹುಮಟ್ಟಿಗೆ ನಡೆಯುತ್ತ ಬಂದಿರುವುದು ಇದೇ. ಪಕ್ಕದ ಹೊಲದವನು ಮೂರು ಮೂಟೆ ಯೂರಿಯಾ ಎರಚಿದರೆ ಇವನೂ ಮೂರು ಎರಚುತ್ತಾನೆ. ಪೈರು ಹಳದಿಗಟ್ಟಿತೆಂದರೆ ಇನ್ನೊಂದು ಮೂಟೆ!

ನಮ್ಮ ದೇಶದ ಗೋಧಿಯ ಕಣಜವೆನಿಸಿದ ಪಂಜಾಬನ್ನೇ ನೋಡೋಣ. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ಗೋಧಿಯ ಬೀಜ ಭಾರತಕ್ಕೆ ಬಂದಿತು. ಹಳೆಯ ಎತ್ತರದ ತಳಿಗಳು ಗೊಬ್ಬರ ಹೆಚ್ಚಾದರೆ ತೆನೆಯ ಭಾರಕ್ಕೆ ನೆಲಕ್ಕೊರಗುತ್ತಿದ್ದವು. ಇವು ಗೊಬ್ಬರವನ್ನುಂಡು ನೆಟ್ಟಗೆ ನಿಂತವು. ಗೊಬ್ಬರ ಹೆಚ್ಚಿದಷ್ಟೂ ಬೆಳೆ ಹೆಚ್ಚುವುದೆಂಬ ನಂಬಿಕೆಯೂ ಬೇರೂರಿತು. 1992ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆಯ ಹತೋಟಿಯನ್ನು ತೆಗೆದು ಯೂರಿಯಾ ಒಂದನ್ನೇ ಅಗ್ಗವಾಗಿ ಉಳಿಸಿದಾಗ ರೈತನ ಕೈ ಅತ್ತಲೇ ಚಾಚಿತು. ಅವನನ್ನು ದೂರಿ ಫಲವೇನು?

ಯೂರಿಯಾ ಕೊಡುವುದು ಸಾರಜನಕವೊಂದನ್ನೇ. ಪೈರಿನ ಹಸಿವು ಬೇರೆಯದಾಗಿದ್ದರೆ? ಪಂಜಾಬಿನ ಮರಳುಮಿಶ್ರಿತ ನೆಲಗಳಲ್ಲಿ ಭತ್ತದ ನಂತರ ಗೋಧಿ ಬಿತ್ತುವಲ್ಲಿ ಆದುದು ಹೀಗೆಯೇ. ಭತ್ತಕ್ಕಾಗಿ ತಿಂಗಳುಗಟ್ಟಲೆ ನೀರು ನಿಲ್ಲಿಸಿದಾಗ ಮಣ್ಣಿನ ಮ್ಯಾಂಗನೀಸ್ ಕರಗಿ, ನೀರಿನೊಡನೆ ಬೇರಿಗೆ ನಿಲುಕದ ಆಳಕ್ಕಿಳಿಯುತ್ತದೆ. ಮುಂದಿನ ಗೋಧಿಯ ನಡುವಣ ಎಲೆಗಳಲ್ಲಿ ನರಗಳು ಹಸುರಾಗಿಯೇ ಉಳಿದು ಅವುಗಳ ನಡುವಿನ ಭಾಗ ಹಳದಿಯಾಗುತ್ತದೆ. ಸಾರಜನಕದ ಕೊರತೆಯಾದರೋ ಮೊದಲು ಕೆಳಗಿನ ಹಳೆಯ ಎಲೆಗಳಲ್ಲಿ ಕಾಣುವುದು. ದೂರದಿಂದ ನೋಡಿದವರಿಗೆ ಎರಡೂ ಹಳದಿಯೇ! ಇಲ್ಲಿ ಎಷ್ಟು ಯೂರಿಯಾ ಸುರಿದರೂ ಹಣ ಮಣ್ಣುಪಾಲು. ಒಂದು ಕಿಲೋ ಮ್ಯಾಂಗನೀಸ್ ಸಲ್ಫೇಟನ್ನು 200 ಲೀಟರ್ ನೀರಿನಲ್ಲಿ ಕರಗಿಸಿ, ಮೊದಲ ನೀರು ಹಾಯಿಸುವ ಮೂರು ದಿನ ಮುಂಚೆ ಸಿಂಪಡಿಸಿ, ಆಮೇಲೆ ವಾರಕ್ಕೊಮ್ಮೆ ಎರಡು ಮೂರು ಸಲ ಸಿಂಪಡಿಸಿದರೆ ಪೈರು ಚೇತರಿಸಿಕೊಳ್ಳುತ್ತದೆ.

ಈ ಕೊರತೆಯನ್ನು ಮೊದಲೇ ಹೇಳಬಲ್ಲುದು ಮಣ್ಣಿನ ಪರೀಕ್ಷೆ. ಆದರೆ ಮಣ್ಣನ್ನು ತೆಗೆಯುವುದರಲ್ಲಿಯೇ ಅರ್ಧ ಗುಟ್ಟು ಅಡಗಿದೆ. ಬದುವಿನ ಅಂಚು, ಮರದ ನೆರಳು, ತಿಪ್ಪೆಯಿದ್ದ ಜಾಗ ಇವುಗಳನ್ನು ಬಿಟ್ಟು, ಹೊಲದಲ್ಲಿ ಅಡ್ಡಾದಿಡ್ಡಿಯಾಗಿ ನಡೆಯುತ್ತ ಹತ್ತು ಹದಿನೈದು ಕಡೆ 15 ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ತೆಗೆಯಬೇಕು. ಎಲ್ಲವನ್ನೂ ಬೆರೆಸಿ, ರೊಟ್ಟಿಯಂತೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಚೆಲ್ಲಬೇಕು. ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ. ಸತುವಿನ ಲೇಪವಿರುವ ತಗಡಿನ ಬಕೆಟ್ಟಿನಲ್ಲಿ ಬೆರೆಸಿದರೆ ಬಕೆಟ್ಟಿನ ಸತುವು ವರದಿಯಲ್ಲಿ ಹೊಲದ ಸತುವಾಗಿ ಕಾಣಿಸಿಕೊಂಡೀತು! ಹಳೆಯ ಗೊಬ್ಬರದ ಚೀಲವೂ ಸಲ್ಲದು.

ಲೂಧಿಯಾನದ ಕೃಷಿ ವಿಶ್ವವಿದ್ಯಾಲಯವು ಸಾಧಾರಣ ನೆಲದ ಗೋಧಿಗೆ ಎಕರೆಗೆ 110 ಕಿಲೋ ಯೂರಿಯಾ ಹೇಳುತ್ತದೆ. ನೆಲದಲ್ಲಿ ಸಾವಯವ ಇಂಗಾಲ ಹೇರಳವಾಗಿದ್ದರೆ ಅದರಲ್ಲಿ ಕಾಲುಭಾಗ ಕಡಿಮೆ. ಪೊಟ್ಯಾಷ್ ಅಂತೂ ಪರೀಕ್ಷೆಯಲ್ಲಿ ಕೊರತೆ ಕಂಡರೆ ಮಾತ್ರ.

ನಮ್ಮ ದೇಶದಲ್ಲಿ ಮಣ್ಣಿನ ಪರೀಕ್ಷಾಲಯಗಳು ಆರಂಭವಾದುದು 1955-56ರಲ್ಲಿ. 2015ರಲ್ಲಿ ರಾಜಸ್ಥಾನದ ಸೂರತ್‌ಗಢದಲ್ಲಿ ಮಣ್ಣಿನ ಆರೋಗ್ಯ ಚೀಟಿಯ ಯೋಜನೆಗೆ ಚಾಲನೆ ದೊರೆಯಿತು. ಒಳ್ಳೆಯ ಕೆಲಸವೇ. ಆದರೆ ನೀರಾವರಿ ನೆಲದಲ್ಲಿ ಎರಡೂವರೆ ಹೆಕ್ಟೇರಿಗೆ ಒಂದರಂತೆ ಮಾದರಿ ತೆಗೆಯಬೇಕೆಂದು ಗೊತ್ತುಮಾಡಿದ್ದರಿಂದ, ಎರಡು ಎಕರೆಯ ಒಡೆಯನ ಕೈಗೆ ಬಂದ ಚೀಟಿ ನೆರೆಯವನ ಹೊಲದ ನಾಡಿಯನ್ನೇ ಹೇಳುತ್ತಿರಬಹುದು. ಅಂಥವನು ತನ್ನ ಹೊಲದ ಮಣ್ಣನ್ನು ತಾನೇ ಕಳುಹಿಸುವುದು ಮೇಲು. ಅಕ್ಟೋಬರಿನಲ್ಲಿ ಭತ್ತ ಕೊಯ್ದು ನವೆಂಬರಿನಲ್ಲಿ ಗೋಧಿ ಬಿತ್ತುವವನಿಗೆ ವರದಿಗಾಗಿ ಕಾಯುವ ಪುರಸೊತ್ತಿಲ್ಲ. ಗೋಧಿಯ ಕೊಯ್ಲು ಮುಗಿದು ನೆಲ ಬರಿದಾಗಿರುವ ಏಪ್ರಿಲ್, ಮೇ ತಿಂಗಳುಗಳೇ ಅದಕ್ಕೆ ತಕ್ಕ ಕಾಲ.