ಕೀಬೋರ್ಡಿನ ತಿರುಪು ಬಿಚ್ಚುವ ಮೊದಲು



ಕ್ರಿಸ್ತಜಯಂತಿಯ ಹಾಡುಗಳ ತಾಲೀಮು ಮುಗಿದ ಒಂದು ರಾತ್ರಿ ನಮ್ಮ ಗಾನವೃಂದದ ಯುವಕನೊಬ್ಬ ಹಿಂದೆ ಉಳಿದು, "ಫಾದರ್, ಒಂದು ಮಾತು ಕೇಳಬೇಕಿತ್ತು" ಎಂದ. ಯುವಕರು ಹೀಗೆ ಹಿಂದೆ ಉಳಿದರೆ ಸಾಮಾನ್ಯವಾಗಿ ಮದುವೆಯ ವಿಚಾರವೋ ಕೆಲಸದ ವಿಚಾರವೋ ಇರುತ್ತದೆ. ಇವನದು ಕೀಬೋರ್ಡಿನ ವಿಚಾರ. ಮುಂಬಯಿಯ ಹೋಟೆಲುಗಳಲ್ಲಿ ನುಡಿಸುತ್ತಿದ್ದ ಇವನ ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಯಮಾಹಾ ಡಿಎಕ್ಸ್7 ಇವನ ಪಾಲಿಗೆ ಬಂದಿತ್ತು. ಅದನ್ನು ಬಿಚ್ಚಿ ಹಳೆಯ ಬ್ಯಾಟರಿ ತೆಗೆಯಬೇಕು, ಹೊಸ ಬೋರ್ಡು ಕೂರಿಸಬೇಕು, ಹಿಂಬದಿಯ ತಗಡಿಗೆ ತೂತು ಕೊರೆದು ಸ್ವಿಚ್ಚು ಹಾಕಬೇಕು ಎಂಬುದು ಅವನ ಆಸೆ. "ವಸ್ತು ನನ್ನದೇ ಅಲ್ವಾ ಫಾದರ್, ಮಾಡಬಹುದಲ್ವಾ?"

ಮಾಡಬಹುದು. ವಾದ್ಯವನ್ನು ತಿದ್ದುವುದು ಅಪಚಾರವೇನಲ್ಲ. ಕಾಲಿನಿಂದ ಗಾಳಿ ಒತ್ತುತ್ತಿದ್ದ ಯುರೋಪಿನ ಹಾರ್ಮೋನಿಯಂ 19ನೆಯ ಶತಮಾನದಲ್ಲಿ ಕಲ್ಕತ್ತೆಯಲ್ಲಿ ಕೈಯಿಂದ ಗಾಳಿ ಒತ್ತುವ ಪೆಟ್ಟಿಗೆಯಾಗಿ ಮಾರ್ಪಟ್ಟದ್ದರಿಂದಲೇ ನಾವು ನೆಲದ ಮೇಲೆ ಕುಳಿತು ಅದನ್ನು ನುಡಿಸುವಂತಾಯಿತು. ಆದರೆ ವಿದ್ಯುನ್ಮಾನ ವಾದ್ಯದ ವಿಷಯದಲ್ಲಿ "ನನ್ನದು" ಎಂಬ ಮಾತು ಅಷ್ಟು ಸರಳವಲ್ಲ. ಅದರೊಳಗೆ ಏನಿದೆ ಎಂದು ತಿಳಿಯದೆ ಕೈಹಾಕಿದರೆ ಏನಾಗುತ್ತದೆಂದು ನನಗೂ ಗೊತ್ತು. ಗುರುಮಠದಲ್ಲಿ ಓದುತ್ತಿದ್ದಾಗ, ಧನ ಋಣ ನೋಡದೆ ಸಿಕ್ಕಿದ ಅಡಾಪ್ಟರ್ ಚುಚ್ಚಿ ಒಂದು ಕೀಬೋರ್ಡನ್ನು ಸುಟ್ಟವನು ನಾನು. ಆ ವರ್ಷದ ಹಬ್ಬದ ಹಾಡುಗಳೆಲ್ಲ ವಾದ್ಯವಿಲ್ಲದೆಯೇ ನಡೆದವು.

ಡಿಎಕ್ಸ್7 ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ಒಂದು ಅಲೆಯಿಂದ ಇನ್ನೊಂದು ಅಲೆಯನ್ನು ಅಲುಗಿಸಿ ನಾದ ಹುಟ್ಟಿಸುವ ಎಫ್‌ಎಂ ವಿಧಾನ ಅದರದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ 1967ರಲ್ಲಿ ಇದನ್ನು ಕಂಡುಕೊಂಡರು. ಯಮಾಹಾ ಅವರ ವಿಧಾನಕ್ಕೆ ಪರವಾನಗಿ ಪಡೆಯಿತು. ಎಂಬತ್ತರ ದಶಕದ ಹಾಡುಗಳಲ್ಲಿ ಗಂಟೆಯಂತೆ ಮಿನುಗುವ ಪಿಯಾನೋ ಕೇಳಿದ್ದೀರಲ್ಲ, ಬಹುಪಾಲು ಇದೇ ಯಂತ್ರದ್ದು. ಇದರಲ್ಲಿ ಹೊಸ ನಾದ ರೂಪಿಸುವುದು ಮಾತ್ರ ತಾಳ್ಮೆಯ ಕೆಲಸ. ತಿರುಗಿಸಲು ಗುಂಡಿಗಳ ಸಾಲಿಲ್ಲ. ಚಿಕ್ಕ ಪರದೆಯಲ್ಲಿ ಒಂದೊಂದೇ ಅಂಕಿಯನ್ನು ತೆರೆದು ಬದಲಿಸಬೇಕು. ಹೀಗೆ ರೂಪಿಸಿದ 32 ನಾದಗಳನ್ನು, ಪ್ರತಿಯೊಂದಕ್ಕೂ ಹತ್ತು ಅಕ್ಷರದೊಳಗಿನ ಹೆಸರು ಕೊಟ್ಟು, ಯಂತ್ರದೊಳಗೇ ಇಡಬಹುದು.

ಈ 32 ನಾದಗಳನ್ನು ಕರೆಂಟು ಇಲ್ಲದಾಗಲೂ ಉಳಿಸಿಕೊಂಡಿರುವುದು ನಾಣ್ಯದಷ್ಟೇ ಗಾತ್ರದ 3 ವೋಲ್ಟಿನ ಒಂದು ಲಿಥಿಯಂ ಬ್ಯಾಟರಿ. ಅದನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಅದು ಸತ್ತರೂ, ಜೀವ ಇದ್ದಾಗಲೇ ನಾವು ಕಿತ್ತರೂ ಒಳಗಿನ ನಾದಗಳು ಅಳಿಸಿಹೋಗುತ್ತವೆ. ಇದನ್ನು ಹೇಳಿದಾಗ ಹುಡುಗ ಸುಮ್ಮನಾದ. ಅಂದರೆ ಅವನು ಮೊದಲು ಕಿತ್ತು ಬಿಸಾಡಬೇಕೆಂದಿದ್ದ ವಸ್ತುವೇ ಚಿಕ್ಕಪ್ಪನ ಇಪ್ಪತ್ತು ಮೂವತ್ತು ವರ್ಷಗಳ ಕೈಕೆಲಸವನ್ನು ಹಿಡಿದಿಟ್ಟಿತ್ತು.

ಹಾಗೆಂದು ಎಲ್ಲ ಯಂತ್ರಗಳಿಗೂ ಇದೇ ಅಂಜಿಕೆ ಬೇಕಿಲ್ಲ. ಅಮೆರಿಕದ ರೀಡ್ ಘಜಾಲ ಎಂಬುವರು 1960ರ ದಶಕದ ನಡುವಿನಲ್ಲಿ, ಮೇಜಿನ ಡ್ರಾಯರಿನಲ್ಲಿ ಬಿದ್ದಿದ್ದ ಆಟಿಕೆಯಂಥ ಆಂಪ್ಲಿಫೈಯರ್ ಲೋಹಕ್ಕೆ ತಗಲಿ ತಾನಾಗಿಯೇ ವಿಚಿತ್ರ ಸದ್ದು ಮಾಡಿದ್ದನ್ನು ಕೇಳಿ, ಅಲ್ಲಿಂದ ಒಂದು ಕಲೆಯನ್ನೇ ಬೆಳೆಸಿದರು. ಸರ್ಕ್ಯೂಟ್ ಬೆಂಡಿಂಗ್ ಎಂದು ಅದಕ್ಕೆ ಹೆಸರು. ಒಂದೂವರೆ ಸೆಕೆಂಡೂ ತುಂಬದ ಧ್ವನಿಯನ್ನು ಹಿಡಿದಿಟ್ಟುಕೊಂಡು ನುಡಿಸುವ, 1980ರ ದಶಕದ ಕ್ಯಾಸಿಯೋ ಎಸ್‌ಕೆ-1 ಎಂಬ ಪುಟ್ಟ ಕೀಬೋರ್ಡು ಈ ಮಂದಿಗೆ ಅಚ್ಚುಮೆಚ್ಚು. ಅಗ್ಗದ ವಸ್ತು, ಬ್ಯಾಟರಿಯಲ್ಲಿ ನಡೆಯುತ್ತದೆ, ಕೆಟ್ಟರೆ ಕೆಟ್ಟಿತು. ಬ್ಯಾಟರಿಯಲ್ಲಿ ನಡೆಯುವುದನ್ನು ಮಾತ್ರ ಹೀಗೆ ಬಿಚ್ಚಿ, ಗೋಡೆಯ ಕರೆಂಟಿನದ್ದನ್ನು ಮುಟ್ಟಬೇಡಿ ಎಂಬುದು ಘಜಾಲರ ಕಟ್ಟುನಿಟ್ಟಾದ ಮಾತು. ಕಲಿಯುವವರಿಗೆ ನಾನು ತೋರಿಸುವ ದಾರಿಯೂ ಇದೇ. ಮೊದಲ ಬೆಸುಗೆ ಹಳೆಯ ಆಟಿಕೆಯ ಮೇಲಿರಲಿ.

ಇನ್ನೊಂದು ಉದಾಹರಣೆ ರೋಲ್ಯಾಂಡ್ ಕಂಪನಿಯ ಟಿಬಿ-303. ಗಿಟಾರ್ ನುಡಿಸುವವರಿಗೆ ಜೊತೆಯಾಗಿ ಬೇಸ್ ನುಡಿಸಲೆಂದು 1981ರಲ್ಲಿ ಬಂದ ಈ ಪೆಟ್ಟಿಗೆಯನ್ನು ಯಾರೂ ಕೇಳಲಿಲ್ಲ. 1984ರ ಹೊತ್ತಿಗೆ ತಯಾರಿಕೆ ನಿಂತಿತು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗವಾಗಿ ಸಿಕ್ಕಿದ್ದನ್ನು ಶಿಕಾಗೊದ ಯುವಕರು ಕೊಂಡು, 1987ರಲ್ಲಿ ಆಸಿಡ್ ಹೌಸ್ ಎಂಬ ನೃತ್ಯ ಸಂಗೀತವನ್ನೇ ಹುಟ್ಟುಹಾಕಿದರು. ಮುಂದೆ 1993ರಿಂದ ಆಸ್ಟ್ರೇಲಿಯಾದ ರಾಬಿನ್ ವಿಟಲ್ ಎಂಬುವರು ಇದಕ್ಕೆ ಹೊಸ ಗುಂಡಿಗಳನ್ನೂ ಸ್ವಿಚ್ಚುಗಳನ್ನೂ ಸೇರಿಸಿ ಡೆವಿಲ್ ಫಿಶ್ ಎಂಬ ಮಾರ್ಪಾಟು ಮಾಡತೊಡಗಿದರು. ಹೆಸರು ನಮ್ಮ ಪತ್ರಿಕೆಗೆ ಒಪ್ಪುವಂಥದ್ದಲ್ಲ, ಕೆಲಸ ಮಾತ್ರ ಅಚ್ಚುಕಟ್ಟು. ಹೊಸ ಗುಂಡಿಗಳನ್ನು ತಕ್ಕಂತೆ ಇಟ್ಟರೆ ಹಳೆಯ ನಾದವೂ ಸಿಗುತ್ತದೆ. ಆದರೆ ಕೊರೆದ ತೂತು ಮುಚ್ಚುವುದಿಲ್ಲ. ಅಂದು ಬೇಡವಾಗಿದ್ದ ಪೆಟ್ಟಿಗೆಗೆ ಇಂದು ಬಲು ದುಬಾರಿ ಬೆಲೆ; ಬಿಚ್ಚದೆ ಉಳಿದದ್ದನ್ನೇ ಹುಡುಕುವವರೂ ಇದ್ದಾರೆ.

ಇದೇ ಪೆಟ್ಟಿಗೆಯನ್ನು ಶಿಕಾಗೊದವರಿಗಿಂತ ಮೊದಲೇ, 1982ರಲ್ಲಿ, ಮುಂಬಯಿಯ ಚರಣ್‌ಜಿತ್ ಸಿಂಗ್ ರೋಲ್ಯಾಂಡಿನದೇ ತಾಳಯಂತ್ರದೊಂದಿಗೆ ಜೋಡಿಸಿ, ಡಿಸ್ಕೊ ತಾಳಕ್ಕೆ ಹತ್ತು ರಾಗಗಳನ್ನು ಧ್ವನಿಮುದ್ರಿಸಿದ್ದರು. ಅಂಗಡಿಯಿಂದ ಬಂದಂತೆಯೇ ಇದ್ದ ಯಂತ್ರದಲ್ಲಿ ಭೈರವವನ್ನೂ ಲಲಿತವನ್ನೂ ನುಡಿಸಿದರು. ಆದುದರಿಂದ ನಮ್ಮ ಹುಡುಗನಿಗೆ ಕೇಳಿದೆ: "ಹೊಸ ಬೋರ್ಡು ಯಾಕಪ್ಪಾ?" ಡಿಎಕ್ಸ್7 ಮಿಡಿ ಸಂಕೇತವನ್ನು ಒಂದನೇ ಚಾನೆಲ್‌ನಲ್ಲಿ ಮಾತ್ರ ಕಳುಹಿಸುತ್ತದೆ, ಜಾಗವೂ ಸಾಲದು ಎಂದ. ಕೊರತೆ ನಿಜವೇ. 1980ರ ದಶಕದಲ್ಲೇ ಗ್ರೇ ಮ್ಯಾಟರ್ ಎಂಬ ಸಂಸ್ಥೆ ಇದಕ್ಕಾಗಿ ಹೆಚ್ಚುವರಿ ಬೋರ್ಡು ಮಾರುತ್ತಿತ್ತು. ಆದರೆ ಇವನ ಬಳಿ ಇರುವುದು ಒಂದೇ ಕೀಬೋರ್ಡು. ಎರಡನೇ ಚಾನೆಲ್‌ಗೆ ಕಳುಹಿಸಲು ಎದುರಿಗೆ ಇನ್ನೊಂದು ವಾದ್ಯವೇ ಇಲ್ಲ. ಕೇಳಿದ ಮೇಲೆ ಅವನಿಗೇ ನಗು ಬಂತು.

ಬ್ಯಾಟರಿಯ ವಿಚಾರ ಹಾಗಲ್ಲ, ಅದು ಎಂದಾದರೂ ಸಾಯುವುದೇ. ಆದ್ದರಿಂದ ಮೊದಲು ನಾದಗಳನ್ನು ಹೊರಗೆ ತೆಗೆದೆವು. ಯಂತ್ರದ ಮಿಡಿ ಹೊರದಾರಿಯನ್ನು ಕಂಪ್ಯೂಟರಿಗೆ ಜೋಡಿಸಿ, "ಸಿಸ್ ಇನ್ಫೋ" ಎಂಬ ಆಯ್ಕೆಯನ್ನು ತೆರೆದು, 32 ನಾದಗಳನ್ನೂ ಒಟ್ಟಿಗೆ ಕಳುಹಿಸಬಹುದು. ಎಲ್ಲವೂ ಸೇರಿ 4,104 ಬೈಟು. ಇಂದಿನ ಒಂದು ಮೊಬೈಲ್ ಫೋಟೋದ ಸಾವಿರದಲ್ಲೊಂದು ಪಾಲು ಇದ್ದೀತು. ಎರಡು ಕಡೆ ನಕಲು ಇಟ್ಟೆವು.

ಬಿಚ್ಚುವ ಕೆಲಸವನ್ನು ಟಿವಿ ರಿಪೇರಿ ಮಾಡುವ ಅನುಭವಿಯೊಬ್ಬರಿಗೆ ಒಪ್ಪಿಸಿದೆವು. ಇದು ಅಡಾಪ್ಟರಿನ ಆಟಿಕೆಯಲ್ಲ. ಟ್ರಾನ್ಸ್‌ಫಾರ್ಮರು ಒಳಗೇ ಇದೆ, ಗೋಡೆಯ 230 ವೋಲ್ಟು ನೇರ ಪೆಟ್ಟಿಗೆಯೊಳಕ್ಕೆ ಬರುತ್ತದೆ. ಅವರು ಮೊದಲು ನೋಡಿದ್ದು ಹಿಂಬದಿಯ ಚೀಟಿಯನ್ನು. ಜಪಾನಿನಲ್ಲಿ ಮಾರಿದ ವಾದ್ಯವಾದರೆ 100 ವೋಲ್ಟು ಎಂದಿರುತ್ತದೆ, ಅದನ್ನು ನಮ್ಮ ಪ್ಲಗ್ಗಿಗೆ ಚುಚ್ಚಿದರೆ ನನ್ನ ಗುರುಮಠದ ಕಥೆಯೇ. ಹಳೆಯ ಬ್ಯಾಟರಿಯ ಜಾಗಕ್ಕೆ ಬೆಸುಗೆ ಹಾಕಿದ್ದು ಹೊಸ ಬ್ಯಾಟರಿಯನ್ನಲ್ಲ, ಅದನ್ನು ಕೂರಿಸುವ ಪುಟ್ಟ ಹೋಲ್ಡರನ್ನು. ಮುಂದಿನ ಸಲ ಕಾವು ಕೊಡದೆಯೇ ಬ್ಯಾಟರಿ ಬದಲಿಸಬಹುದು.

ನಾದಗಳನ್ನು ಮರಳಿ ಒಳಗೆ ತುಂಬಿ ಒಂದೊಂದಾಗಿ ಒತ್ತುತ್ತಾ ಹೋದೆವು. ಹದಿನೇಳನೆಯದು ತೆರೆದಾಗ ಪರದೆಯ ಮೇಲೆ ಅವನ ಚಿಕ್ಕಮ್ಮನ ಹೆಸರು ಬಂತು. ಮರುದಿನ ಅವರನ್ನು ಕರೆದುತಂದು ಕೇಳಿಸಿದ. ಹಿಂಬದಿಗೆ ತೂತು ಕೊರೆಯುವ ಮಾತನ್ನು ಅವನಿನ್ನೂ ಬಿಟ್ಟಿಲ್ಲ. ಪಾಸ್ಕ ಹಬ್ಬ ಕಳೆಯಲಿ, ನೋಡೋಣ ಎಂದಿದ್ದೇನೆ.