ಲೆಕ್ಕದ ನಡುವೆ ತಿದ್ದುಪಡಿ

ಬ್ಯಾಂಕು, ರೈಲ್ವೆ, ಕಚೇರಿಗಳ ದಪ್ಪ ಲೆಕ್ಕಪುಸ್ತಕಗಳ ಸ್ಥಾನಕ್ಕೆ ಇಂದು ಗಣಕಯಂತ್ರದ ಡೇಟಾಬೇಸುಗಳು ಬಂದಿವೆ. ಅವುಗಳಲ್ಲಿ ಲಕ್ಷಾಂತರ ಸಾಲುಗಳಿರುತ್ತವೆ. ಯಂತ್ರವು ಅವನ್ನು ಓದುತ್ತಿರುವಾಗಲೇ ಯಾವುದೋ ಸಾಲು ತಿದ್ದಲ್ಪಟ್ಟರೆ, ಅದಕ್ಕೆ ಕಾಣಬೇಕಾದುದು ಹಳೆಯ ಅಂಕಿಯೋ, ಹೊಸ ಅಂಕಿಯೋ? ಪ್ರಶ್ನೆ ಅಲ್ಪವೆಂದು ತೋರೀತು. ಆದರೆ ಅದರಲ್ಲಿ ಜನರ ಹಣವೇ ಅಡಗಿದೆಯೆಂಬುದನ್ನು ನಾವು ಒಂದು ನಿಜಸಂಗತಿಯಿಂದ ಅರಿಯಬಹುದು.

1976ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಐ.ಬಿ.ಎಂ. ಸಂಸ್ಥೆಯ ಸಂಶೋಧಕರು 'ಸಿಸ್ಟಂ ಆರ್' ಎಂಬ ಡೇಟಾಬೇಸನ್ನು ನಿರ್ಮಿಸುತ್ತಿದ್ದರು. 25,000 ಡಾಲರಿಗಿಂತ ಕಡಿಮೆ ಸಂಬಳವುಳ್ಳ ನೌಕರರಿಗೆಲ್ಲ ನೂರಕ್ಕೆ ಹತ್ತರಂತೆ ಏರಿಸಬೇಕೆಂದು ಅದಕ್ಕೆ ಆಜ್ಞೆಯಿತ್ತರು. ಕೆಲಸ ಮುಗಿದಾಗ, 25,000ಕ್ಕಿಂತ ಕಡಿಮೆ ಪಡೆಯುವವನು ಒಬ್ಬನೂ ಉಳಿದಿರಲಿಲ್ಲ!

ಕಾರಣವಿಷ್ಟೆ: ಯಂತ್ರವು ಸಂಬಳದ ಏರುಕ್ರಮದಲ್ಲಿ ಜೋಡಿಸಿದ್ದ ಸೂಚಿಯನ್ನು ಹಿಡಿದು ಸಾಗುತ್ತಿದ್ದಿತು. 20,000 ಇದ್ದವನ ಸಂಬಳ 22,000 ಆದೊಡನೆ ಅವನ ಹೆಸರು ಸೂಚಿಯಲ್ಲಿ ಮುಂದಕ್ಕೆ ಸರಿಯುವುದು. ಅಲ್ಲಿಗೆ ಬಂದ ಯಂತ್ರವು ಅವನನ್ನು ಹೊಸಬನೆಂದೇ ಬಗೆದು 24,200 ಮಾಡುವುದು. ಮತ್ತೊಮ್ಮೆ ಎದುರಾದಾಗ 26,620. ಹೀಗೆ ಯಂತ್ರವು ತಾನು ಬರೆದುದನ್ನೇ ತಾನು ಕಂಡು ಮೋಸಹೋಯಿತು. ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬದಂದು ಬೆಳಕಿಗೆ ಬಂದುದರಿಂದ ಇದಕ್ಕೆ 'ಹ್ಯಾಲೋವೀನ್ ಸಮಸ್ಯೆ' ಎಂದೇ ಹೆಸರು ನಿಂತಿತು.

ಪರರ ತಿದ್ದುಪಡಿಯಿಂದಲೂ ಇಂಥ ತೊಡಕುಂಟು. ಬ್ಯಾಂಕಿನ ಎಲ್ಲ ಖಾತೆಗಳ ಮೊತ್ತವನ್ನು ಕೂಡುತ್ತಿರುವಾಗ, ಎಣಿಸಿ ಮುಗಿದ ಖಾತೆಯಿಂದ ಇನ್ನೂ ಎಣಿಸದ ಖಾತೆಗೆ 500 ರೂಪಾಯಿ ವರ್ಗವಾಯಿತೆನ್ನೋಣ. ಆ ಹಣವು ಎರಡು ಸಾರಿ ಲೆಕ್ಕಕ್ಕೆ ಬಂದುಬಿಡುತ್ತದೆ.

ಇದಕ್ಕೆ ಪರಿಹಾರವೇನು? 'ಪೋಸ್ಟ್‌ಗ್ರೆಸ್' ಮುಂತಾದ ಡೇಟಾಬೇಸುಗಳು ತಿದ್ದುವಾಗ ಹಳೆಯ ಸಾಲನ್ನು ಒಡನೆ ಅಳಿಸುವುದಿಲ್ಲ. ಪಕ್ಕದಲ್ಲಿ ಹೊಸ ಪ್ರತಿಯೊಂದನ್ನು ಬರೆಯುತ್ತವೆ. ಅದನ್ನು ಬರೆದ ವ್ಯವಹಾರ ಯಾವುದು, ರದ್ದುಗೊಳಿಸಿದ ವ್ಯವಹಾರ ಯಾವುದು ಎಂಬ ಸಂಖ್ಯೆಗಳು ಪ್ರತಿಯೊಂದರ ಮೇಲೂ ಇರುತ್ತವೆ. ಪ್ರಶ್ನೆ ಆರಂಭವಾದ ಕ್ಷಣದಲ್ಲಿ ಯಾವ ವ್ಯವಹಾರಗಳು ಮುಗಿದು ಸ್ಥಿರಪಟ್ಟಿದ್ದವು ಎಂಬುದನ್ನು ಯಂತ್ರವು ಗುರುತಿಟ್ಟುಕೊಂಡು, ಅನಂತರದ ಪ್ರತಿಗಳನ್ನು ಕಂಡೂ ಕಾಣದಂತೆ ಮುಂದೆ ಸಾಗುತ್ತದೆ. ಆ ಪ್ರಶ್ನೆಯೇ ಆಗ ಬರೆದ ಹೊಸ ಸಾಲುಗಳೂ ಅದಕ್ಕೆ ಕಾಣವು. ಆದುದರಿಂದ ಸಂಬಳ ಏರುವುದು ಒಂದೇ ಸಾರಿ. ಆ 500 ರೂಪಾಯಿ ಎಣಿಕೆಗೆ ಬರುವುದೂ ಒಂದೇ ಸಾರಿ. ಯಾರಿಗೂ ಬೇಡವಾದ ಹಳೆಯ ಪ್ರತಿಗಳನ್ನು ಮುಂದೆ ಗುಡಿಸಿ ತೆಗೆಯುವ ಏರ್ಪಾಡೂ ಉಂಟು.

ನಿನ್ನೆಯ ಅರ್ಧ, ಇಂದಿನ ಅರ್ಧ ಸೇರಿಸಿದ ಲೆಕ್ಕವು ನಿನ್ನೆಯದೂ ಅಲ್ಲ, ಇಂದಿನದೂ ಅಲ್ಲ. ಯಾವ ಕ್ಷಣದ ಸ್ಥಿತಿಯನ್ನು ಹೇಳುತ್ತಿದೆಯೆಂಬುದು ನಿಶ್ಚಿತವಾಗಿದ್ದರೆ ಮಾತ್ರ ಉತ್ತರವನ್ನು ನಾವು ನಂಬಬಹುದು.